ಅಜ್ಜಿ ಮನೆಯ ನೆಲ ಹುಡುಕಿಕೊಂಡು ಶಹಾಬಾದಿಗೆ

ನಾನು ತುಮಕೂರಿನ ಕಡೆಯವಳು. ಕಲ್ಲು ಅಂದರೆ ನನಗೆ ಗುಂಡು ಬಂಡೆ, ಬೆಟ್ಟ. ಕಲಬುರಗಿಯ ಸುತ್ತ ಅಂಥದ್ದೇನೂ ಕಾಣಲಿಲ್ಲ. ಎರೆಮಣ್ಣು, ತೊಗರಿ ಹೊಲ, ಬಿಸಿಲು. ಆ ಮಣ್ಣಿನ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು. ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಹೋದರೆ ಆ ಹೊದಿಕೆ ಮುಗಿದು, ಅದಕ್ಕಿಂತ ಎಷ್ಟೋ ಹಳೆಯ ಸುಣ್ಣದ ಕಲ್ಲು ಮೇಲೆ ಬರುತ್ತದೆ. ಶಹಾಬಾದ್ ಇರುವುದು ಅಲ್ಲೇ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಈ ಕಲ್ಲಿಗಾಗಿಯೇ.

ನಮ್ಮಜ್ಜಿ ಮನೆಗೆ ಹಾಸಿರುವುದು ಶಹಾಬಾದ್ ಕಲ್ಲು. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಬರೀ ಮೈಯಲ್ಲಿ ಮಲಗುತ್ತಿದ್ದೆವು. ಆ ಕಲ್ಲು ಹುಟ್ಟಿದ ಜಾಗ ನೋಡಬೇಕು ಅನ್ನುವ ಆಸೆ ಬಹಳ ವರ್ಷದ್ದು.

ಗಣಿಯ ಅಂಚಿಗೆ ಹೋಗಿ ನಿಂತೆ. ಯಾರೋ ರೊಟ್ಟಿ ಮೇಲೆ ರೊಟ್ಟಿ ಪೇರಿಸಿಟ್ಟ ಹಾಗೆ ಪದರಗಳು. ಬೂದು, ನಸುನೀಲಿ, ಒಂದೆರಡು ಕಡೆ ತಿಳಿಗುಲಾಬಿ. ಎಲ್ಲೂ ಮಡಚಿಲ್ಲ, ಸೊಟ್ಟಗಾಗಿಲ್ಲ. ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ನಿಧಾನವಾಗಿ ಕೂತು ಕಲ್ಲಾಗಿದೆ. ಡೈನೋಸಾರ್‌ಗಳ ಕಾಲ ಕೂಡ ಇದರ ಮುಂದೆ ಮೊನ್ನೆ ಮೊನ್ನೆಯದು.

ಕೆಳಗೆ ಒಬ್ಬ ಹಿರಿಯರು ಉಳಿ, ಸುತ್ತಿಗೆ ಹಿಡಿದು ಕೂತಿದ್ದರು. ಎಲ್ಲರೂ ಮುತ್ಯಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಲ್ಲಿನ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಬಡಿಯುತ್ತಾ ಹೋದರು. ಒಂದು ಗೇಣು ಬಿಟ್ಟು ಇನ್ನೊಂದು ಏಟು. ಐದಾರು ಏಟಿಗೆ ದೊಡ್ಡ ಚಪ್ಪಡಿ ಸುಮ್ನೆ ಬಿಟ್ಟುಕೊಂಡಿತು. ಮೇಲ್ಮೈ ಒರೆಸಿದ ಹಾಗೆ ನುಣುಪು.

"ಎಲ್ಲಿ ಬಿಡುತ್ತೆ ಅಂತ ಹೇಗೆ ಗೊತ್ತಾಗುತ್ತೆ ಮುತ್ಯಾ?"

"ಕಿವಿಗೊಟ್ಟು ಕೇಳವ್ವಾ. ಗಟ್ಟಿ ಇದ್ರ ಟಣ್ ಅಂತದ. ಒಳಗ ಬಿರುಕು ಇದ್ರ ಬದ್ ಅಂತದ."

ಇದೆಲ್ಲ ಒಂದು ಕಾಲಕ್ಕೆ ಸಮುದ್ರ ಆಗಿತ್ತು ಅಂದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಸಮುದ್ರ ನಾ ನೋಡಿಲ್ಲವ್ವಾ. ಖರೇ, ಇದು ನೀರಾಗ ಆಗಿದ್ದು ಅಂತ ಗೊತ್ತದ. ಕೆರಿ ಬತ್ತಿದ್ರ ಕೆಸರು ಹಿಂಗೇ ಪದರ ಪದರ ಏಳ್ತದಲ್ಲ?"

ನಾನು ಓದಿ ತಿಳಿದಿದ್ದನ್ನು ಅವರು ಕೈಯಿಂದಲೇ ತಿಳಿದಿದ್ದರು. ಒಂದು ಗಂಟೆ ಅಲ್ಲೇ ಕೂತೆ. ಅಲ್ಲಿಗೆ ಹೋಗುವವರು ದಯವಿಟ್ಟು ಶೂ ಹಾಕಿಕೊಳ್ಳಿ. ನಾನು ಚಪ್ಪಲಿಯಲ್ಲಿ ಹೋಗಿ, ಕಲ್ಲಿನ ಚಕ್ಕೆ ಹೆಬ್ಬೆರಳಿಗೆ ಹೊಕ್ಕು, ಉಳಿದ ಎರಡು ದಿನ ಕುಂಟಿದ್ದೇ ಆಯಿತು. ಮಳಖೇಡದ ಕೋಟೆಯನ್ನು ಅದೇ ನೋವಿನಲ್ಲಿ ಅರ್ಧ ನೋಡಿ ಬಂದೆ. ರಾಷ್ಟ್ರಕೂಟರ ರಾಜಧಾನಿಯನ್ನು ಹಾಗೆ ನೋಡಬಾರದಿತ್ತು ಅಂತ ಈಗಲೂ ಬೇಜಾರಿದೆ.

ಕೊನೆಯ ದಿನ ಭೀಮಾ ದಂಡೆಯ ಸನ್ನತಿ. ಅಲ್ಲಿ 1986ರಲ್ಲಿ ದೇವಸ್ಥಾನದ ಚಾವಣಿ ಕುಸಿದಾಗ, ಕಾಳಿ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಅಗೆತದಲ್ಲಿ ಅಶೋಕನ ಕೆತ್ತನೆಯೇ ಸಿಕ್ಕಿತು, ರಾಣಿಯ ಜೊತೆ, ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅನ್ನುವ ಹೆಸರಿನ ಸಮೇತ. ಸ್ತೂಪದ ಫಲಕಗಳೂ ಸುಣ್ಣದ ಕಲ್ಲೇ. ಬಳ್ಳಿಯ ಎಲೆ, ಕೈಬಳೆ ಎಲ್ಲ ಅಷ್ಟು ಸಣ್ಣದಾಗಿ ಬಂದಿವೆ. ನಮ್ಮ ಕಡೆಯ ಒರಟು ಕಲ್ಲಿನಲ್ಲಿ ಇಷ್ಟು ನಯ ತರುವುದು ಬಹಳ ಕಷ್ಟ. ನಾನು ಜಾಸ್ತಿ ಹೊತ್ತು ನೋಡಿದ್ದು ಮಾತ್ರ ಫಲಕಗಳ ಅಂಚನ್ನು. ಎರಡು ಸಾವಿರ ವರ್ಷದ ಹಿಂದೆಯೂ ಯಾರೋ ಹೀಗೇ ತಟ್ಟಿ, ಕಿವಿಗೊಟ್ಟು ಕೇಳಿಯೇ ಕಲ್ಲು ಆರಿಸಿರಬೇಕು ಅಲ್ವಾ?

ಊರಿಗೆ ಬಂದವಳು ಅಜ್ಜಿ ಮನೆಯ ನೆಲವನ್ನು ಗೆಣ್ಣಿನಿಂದ ತಟ್ಟುತ್ತಾ ಹೋದೆ. ಟಣ್, ಟಣ್. ಅಡುಗೆಮನೆ ಬಾಗಿಲ ಹತ್ತಿರದ ಒಂದು ಕಲ್ಲು ಮಾತ್ರ ಬದ್ ಅಂದಿತು. ಅಜ್ಜಿ ಒನಕೆಯಲ್ಲಿ ಖಾರ ಕುಟ್ಟುತ್ತಿದ್ದ ಜಾಗ ಅದು.