"ನಮ್ಮ ನಾಯಿ ಏನೂ ಮಾಡಲ್ಲ" ಅನ್ನುವ ಮುಂಚೆ

ನಾಯಿ ತರಬೇತಿಯ ಕೆಲಸದಲ್ಲಿ ನಮಗೆ ಅತಿ ಹೆಚ್ಚು ತೊಂದರೆ ಕೊಡುವ ಮಾತು ಒಂದಿದೆ. ಪಾರ್ಕಿನ ಆ ತುದಿಯಿಂದ ಯಾರೋ ಕೂಗಿ ಹೇಳುತ್ತಾರೆ: "ಹೆದರ್ಬೇಡಿ, ನಮ್ಮದು ಏನೂ ಮಾಡಲ್ಲ." ಹೇಳುವವರ ಮನಸ್ಸು ಒಳ್ಳೆಯದೇ, ಅವರ ಲ್ಯಾಬ್ರಡಾರ್ ಕೂಡ ಸಾಧುವೇ. ಆದರೆ ಅದು ನೇರವಾಗಿ ಓಡಿಬಂದು ಮುಖಕ್ಕೆ ಮುಖ ಕೊಟ್ಟರೆ, ಈಚೆಗಿರುವ ಅಂಜುಬುರುಕ ನಾಯಿಗೆ ಅದು ದಾಳಿಯ ಹಾಗೆಯೇ ಕಾಣುತ್ತದೆ.

ಹೆದರಿದ ನಾಯಿಯ ಮೊದಲ ಆಯ್ಕೆ ದೂರ ಹೋಗುವುದು. ಲೀಶ್, ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗ, ಕಟ್ಟಿದಾಗ ಆ ದಾರಿ ಮುಚ್ಚಿಹೋಗುತ್ತದೆ. ಆಗ ಅದು ಬೊಗಳುತ್ತದೆ, ಎಗರುತ್ತದೆ. ಎದುರಿನವರು ಗಾಬರಿಯಾಗಿ ಹಿಂದೆ ಸರಿದರೆ, ಬೊಗಳಿದರೆ ಕೆಲಸ ಆಗುತ್ತದೆ ಎಂಬುದನ್ನು ಕಲಿಯುತ್ತದೆ. ಮರುದಿನ ಇನ್ನೂ ಬೇಗ ಶುರು ಮಾಡುತ್ತದೆ. ಜನ ಇದನ್ನು ಕೊಬ್ಬು ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಅದು ಬರೀ ಭಯ.

ಹಾಗಾಗಿ ಇಲ್ಲಿ ಮುಖ್ಯವಾದದ್ದು ದೂರ. ಪ್ರತಿ ನಾಯಿಗೂ ಒಂದು ಅಂತರ ಇರುತ್ತದೆ. ಅದರಾಚೆ ಇನ್ನೊಂದು ನಾಯಿ ಕಂಡರೆ ನೋಡಿ ಸುಮ್ಮನಾಗುತ್ತದೆ, ಈಚೆ ಬಂದರೆ ಸಿಡಿಯುತ್ತದೆ. ಕೆಲವಕ್ಕೆ ಐದು ಮೀಟರ್, ಕೆಲವಕ್ಕೆ ಮೂವತ್ತು. ಅಳೆಯಲು ಸುಲಭದ ದಾರಿಯೆಂದರೆ ತಿಂಡಿ. ಮನೆಯಲ್ಲಿ ಬೇಯಿಸಿದ ಕೋಳಿಗೆ ಪ್ರಾಣ ಬಿಡುವ ನಾಯಿ ರಸ್ತೆಯಲ್ಲಿ ಅದನ್ನು ಮೂಸಿಯೂ ನೋಡದಿದ್ದರೆ, ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ.

ಬೊಗಳುವುದಕ್ಕೆ ಮುಂಚೆಯೇ ಮೈ ಮಾತಾಡುತ್ತದೆ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಬಾಯಿ ಮುಚ್ಚಿಕೊಂಡು ಸೆಟೆದು ನಿಲ್ಲುವುದು. ಕೊನೆಯದು ತೀರಾ ಅಪಾಯದ್ದು. ಆ ನಿಶ್ಶಬ್ದವನ್ನು ಶಾಂತಿ ಎಂದುಕೊಳ್ಳಬೇಡಿ. ಬಾಲ ಅಲ್ಲಾಡುತ್ತಿದೆ ಎಂದು ಸಮಾಧಾನ ಪಡುವುದೂ ತಪ್ಪು. ಮೇಲಕ್ಕೆತ್ತಿ ಬಿಗಿಯಾಗಿ ಆಡಿಸುವ ಬಾಲಕ್ಕೂ ಸೊಂಟದ ಸಮೇತ ಸಡಿಲವಾಗಿ ತೂಗುವ ಬಾಲಕ್ಕೂ ಬಹಳ ವ್ಯತ್ಯಾಸವಿದೆ. ಗುರ್ ಎಂದದ್ದಕ್ಕೆ ಮಾತ್ರ ಯಾವತ್ತೂ ಹೊಡೆಯಬೇಡಿ. ಗುರ್ ಎನ್ನುವುದು ಎಚ್ಚರಿಕೆ. ಅದನ್ನು ಅದುಮಿದರೆ ನಾಯಿ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯುತ್ತದೆ.

ಸಾಧು ನಾಯಿಯ ಮಾಲೀಕರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಲೀಶ್ ಒಂದೂವರೆಯಿಂದ ಎರಡು ಮೀಟರ್ ಇರಲಿ. ಎಳೆದಷ್ಟೂ ಉದ್ದವಾಗುವ ರೀಲ್ ಲೀಶ್ ಜನನಿಬಿಡ ಜಾಗಕ್ಕೆ ಬೇಡ; ಗುಂಡಿ ಒತ್ತುವಷ್ಟರಲ್ಲಿ ನಾಯಿ ಎದುರಿನದರ ಮೂಗಿನ ಮುಂದಿರುತ್ತದೆ. ಎದುರಿನವರು ರಸ್ತೆ ದಾಟಿದರೆ, ನಿಂತ ಕಾರಿನ ಹಿಂದೆ ಸರಿದರೆ, ಅವರಿಗೆ ಜಾಗ ಬೇಕಾಗಿದೆ ಎಂದರ್ಥ. ಹಿಂಬಾಲಿಸಬೇಡಿ. ಭೇಟಿ ಮಾಡಿಸಬೇಕೆನಿಸಿದರೆ ದೂರದಲ್ಲೇ ನಿಂತು ಕೇಳಿ, ಬೇಡ ಎಂದರೆ ಬೇಸರ ಮಾಡಿಕೊಳ್ಳದೆ ಮುಂದೆ ಹೋಗಿ. ಒಪ್ಪಿದರೂ ಕಮಾನಿನಂತೆ ಬಳಸಿ ಬನ್ನಿ, ಲೀಶ್ ಸಡಿಲವಿರಲಿ, ಮೂರು ಸೆಕೆಂಡ್ ಮೂಸಲು ಬಿಟ್ಟು ಕರೆದುಕೊಳ್ಳಿ.

ಭಯದ ನಾಯಿಯ ಮಾಲೀಕರಿಗೆ ಕೆಲಸ ಹೆಚ್ಚು. ಕಡಲೆಕಾಳಿನಷ್ಟು ಚಿಕ್ಕ ಕೋಳಿ ಇಲ್ಲವೇ ಪನೀರ್ ತುಂಡುಗಳು ಕೈಗೆ ಸಿಗುವಂತಿರಲಿ. ಇನ್ನೊಂದು ನಾಯಿಯನ್ನು ನೋಡಿದ ತಕ್ಷಣ ಕೊಡಿ, ಅದು ಮರೆಯಾದ ಮೇಲೆ ನಿಲ್ಲಿಸಿ. ಆ ನಾಯಿ ಬಂದರೆ ತಿಂಡಿ ಬರುತ್ತದೆ ಎನ್ನುವ ನಂಟು ಬೆಳೆಯುವುದು ಈ ಕ್ರಮದಿಂದಲೇ. ಕರೆದೊಡನೆ ತಿರುಗಿ ನಿಮ್ಮ ಜೊತೆ ಬಂದ ದಾರಿಯಲ್ಲೇ ನಡೆಯುವುದನ್ನು ಮನೆಯೊಳಗೇ ಅಭ್ಯಾಸ ಮಾಡಿಸಿ, ರಸ್ತೆಯಲ್ಲಿ ಮೊದಲ ಸಲ ಪ್ರಯತ್ನಿಸಬೇಡಿ. ಚೋಕ್ ಚೈನು, ಅಂದರೆ ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ, ಬೇಡವೇ ಬೇಡ. ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂದಾದರೆ ಭಯಕ್ಕೆ ನೋವೂ ಸೇರುತ್ತದೆ. ಒಂದು ಸಲ ಜೋರಾಗಿ ಸಿಡಿದ ನಾಯಿಗೆ ಮರುದಿನ ನಡಿಗೆ ತಪ್ಪಿಸಿ ಮನೆಯಲ್ಲೇ ಮೂಸುವ ಆಟ ಆಡಿಸಿದರೂ ನಷ್ಟವಿಲ್ಲ.

ಕಚ್ಚುವ ಸಾಧ್ಯತೆ ಇದ್ದರೆ ಮಝಲ್, ಅಂದರೆ ಬಾಯಿಕುಕ್ಕೆ ಹಾಕಿ. ಅದು ಬುಟ್ಟಿಯಂಥದ್ದೇ ಆಗಿರಬೇಕು. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು, ತಿಂಡಿ ತಿನ್ನಬಹುದು. ಬಟ್ಟೆಯ ಪಟ್ಟಿ ಬಾಯಿಯನ್ನೇ ಬಿಗಿಯುತ್ತದೆ. ಏದುಸಿರೇ ನಾಯಿ ಮೈ ತಂಪಾಗಿಸಿಕೊಳ್ಳುವ ಮುಖ್ಯ ದಾರಿಯಾದ್ದರಿಂದ ಬಿಸಿಲಲ್ಲಿ ಇದು ಜೀವಕ್ಕೇ ಕುತ್ತು. ಬುಟ್ಟಿಯೊಳಗೆ ತಿಂಡಿ ಇಟ್ಟು ತಾನಾಗಿ ಮೂತಿ ತೂರಿಸುವಂತೆ ದಿನವೂ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ಮಝಲ್ ಹಾಕಿದ ನಾಯಿಯ ಮಾಲೀಕರನ್ನು ಕಂಡರೆ ದಯವಿಟ್ಟು ಮುಖ ಸಿಂಡರಿಸಬೇಡಿ, ಅವರು ನಿಮ್ಮ ಸುರಕ್ಷತೆಗಾಗಿಯೇ ಶ್ರಮ ಪಡುತ್ತಿದ್ದಾರೆ.

ಬೆಂಗಳೂರಿನಲ್ಲಿ ಎರಡು ಜಾಗಗಳು ವಿಶೇಷ ಕಷ್ಟದವು. ಒಂದು, ಬೀದಿ ನಾಯಿಗಳಿರುವ ತಿರುವು. ಅಲ್ಲಿ ನಾವೇ ಅವುಗಳ ಜಾಗಕ್ಕೆ ಹೋಗಿರುತ್ತೇವೆ. ಓಡಬೇಡಿ, ಕಲ್ಲೆತ್ತಬೇಡಿ. ನಿಮ್ಮ ನಾಯಿಯನ್ನು ಹಿಂದಕ್ಕಿಟ್ಟುಕೊಂಡು, ಒಂದು ಹಿಡಿ ತಿಂಡಿಯನ್ನು ಅವುಗಳತ್ತ ಅಗಲವಾಗಿ ಎರಚಿ, ಅವು ಹೆಕ್ಕುತ್ತಿರುವಾಗ ನಿಧಾನವಾಗಿ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಇನ್ನೊಂದು, ಅಪಾರ್ಟ್‌ಮೆಂಟಿನ ಲಿಫ್ಟ್. ಬಾಗಿಲ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಎರಡು ಮೀಟರ್ ಸರಿದು ಕಾಯಿರಿ. ಒಳಗೆ ನಾಯಿ ಮೂಲೆಯಲ್ಲಿರಲಿ, ನೀವು ಅದಕ್ಕೂ ಬಾಗಿಲಿಗೂ ನಡುವೆ ನಿಲ್ಲಿ. ಬಾಗಿಲು ತೆರೆದಾಗ ಒಳಗೆ ನಾಯಿ ಕಂಡರೆ "ನೀವು ಹೋಗಿ, ನಾವು ಮುಂದಿನದಕ್ಕೆ ಬರ್ತೀವಿ" ಎಂದು ಹೇಳಿ ಕಳಿಸಿಬಿಡಿ.