ಕೊಡಗಿಗೆ ಗಿಡ ನೋಡಲು ಹೋಗುವವರು ಜೀಪು ಬಿಡಿ, ತಡಿಯಂಡಮೋಳ್ ಹತ್ತಿ

"ಈ ಸಲ ನೀಲಕುರಿಂಜಿ ಅರಳಿದೆ, ಬನ್ನಿ" ಎಂದು ಸೆಪ್ಟೆಂಬರ್‌ನಲ್ಲಿ ಯಾರಾದರೂ ಮಡಿಕೇರಿ ಬಳಿಯ ಮಾಂದಲಪಟ್ಟಿ ಗುಡ್ಡದ ಜೀಪು ಹತ್ತಿಸಲು ಬಂದರೆ ಒಂದು ನಿಮಿಷ ನಿಲ್ಲಿ. ಮಾಂದಲಪಟ್ಟಿ, ಕೋಟೆಬೆಟ್ಟದ ಕಡೆ ಗುಡ್ಡಕ್ಕೆ ಗುಡ್ಡವೇ ನೀಲಿಯಾದದ್ದು 2021ರ ಆಗಸ್ಟ್‌ನಲ್ಲಿ. ಕುರಿಂಜಿ ಎಂದರೆ ಒಂದೇ ಗಿಡವಲ್ಲ. ಆ ಕುಲದಲ್ಲಿ ಹಲವು ಜಾತಿಗಳಿವೆ. ಕೆಲವು ಏಳು ವರ್ಷಕ್ಕೊಮ್ಮೆ, ಕೆಲವು ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುತ್ತವೆ. ಬೀಜ ಕಟ್ಟಿದ ಮೇಲೆ ಅಷ್ಟೂ ಗಿಡಗಳು ಒಟ್ಟಿಗೇ ಒಣಗುತ್ತವೆ. ಅದೇ ಇಳಿಜಾರು ಪ್ರತಿ ವರ್ಷ ನೀಲಿಯಾಗಬೇಕೆಂದರೆ ಎಲ್ಲಿಂದ ಆದೀತು? ನಡುವಿನ ವರ್ಷಗಳಲ್ಲಿ ತೋರಿಸುವುದು ಮಳೆಗಾಲ ಮುಗಿವಾಗ ವರ್ಷವರ್ಷವೂ ಬರುವ ಬೇರೆ ಯಾವುದೋ ನೇರಳೆ ಹೂ. ಬಾಡಿಗೆ ಮಾತ್ರ ಕುರಿಂಜಿಯದ್ದು.

ಹೋಗಲೇಬೇಕೆಂದರೆ ಜೀಪಿನ ಬಾಡಿಗೆ ಗಾಡಿಗೆ, ತಲೆಗಲ್ಲ ಎಂಬುದು ನೆನಪಿರಲಿ. ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಮುಕ್ಕಾಲು ಗಂಟೆಗೆ ಹಾರ್ನ್ ಶುರು. ಗಿಡ ನೋಡುವವರಿಗೆ ಅಷ್ಟರಲ್ಲಿ ಒಂದು ಪೊದೆಯೂ ಮುಗಿಯುವುದಿಲ್ಲ. ಹೂವಿಲ್ಲದ ಕುರಿಂಜಿಯನ್ನು ಗುರುತಿಸುವುದು ಕಷ್ಟವೇನಲ್ಲ: ಎಲೆಗಳು ಎದುರುಬದುರು, ಗೆಣ್ಣುಗಳು ಉಬ್ಬಿರುತ್ತವೆ, ಎಲೆಯ ನರಗಳು ಗೆರೆ ಕೊರೆದಂತೆ ಒಳಗಿಳಿದಿರುತ್ತವೆ. ಇಷ್ಟು ವರ್ಷ ಕೂಡಿಟ್ಟದ್ದನ್ನು ಈ ಗಿಡ ಒಂದೇ ಹಂಗಾಮಿನ ಮೇಲೆ ಪಣಕ್ಕಿಡುತ್ತದೆ. ಹೂವಿನ ತಿಂಗಳಲ್ಲಿ ಜಡಿಮಳೆ ಬಿಡದೆ ಹೊಡೆದು ಜೇನ್ನೊಣ ಗೂಡು ಬಿಟ್ಟು ಹೊರಡದಿದ್ದರೆ ಒಂದು ಇಡೀ ತಲೆಮಾರಿನ ಬೀಜ ಹೋಯಿತು. ಮಳೆ ಹದ ತಪ್ಪಿದಾಗ ಮೊದಲು ಪೆಟ್ಟು ತಿನ್ನುವುದು ಇಂಥವೇ.

ಗಿಡ ನೋಡುವವರಿಗೆ ತಡಿಯಂಡಮೋಳ್ ಬೆಟ್ಟ ಸರಿ. ಮಡಿಕೇರಿಯಿಂದ ನಾಪೋಕ್ಲು ಮೇಲೆ, ಇಲ್ಲವೇ ವಿರಾಜಪೇಟೆಯಿಂದ ಕಕ್ಕಬ್ಬೆಗೆ ಬಸ್ಸಿದೆ. ಇಳಿಯಬೇಕಾದದ್ದು ಕಕ್ಕಬ್ಬೆ ಪೇಟೆಯಲ್ಲಲ್ಲ, ಕೈಕಂಬದಲ್ಲಿ. ಅಲ್ಲಿಂದ ನಾಲ್ಕುನಾಡು ಅರಮನೆಗೆ ಏರುದಾರಿ. ಆಟೋ ಇದ್ದರೆ ಪುಣ್ಯ, ಇಲ್ಲದಿದ್ದರೆ ನಡಿಗೆ. ಶನಿವಾರ–ಭಾನುವಾರ ಬೇಡವೇ ಬೇಡ. ಸ್ಪೀಕರ್ ಹೊತ್ತು ಹತ್ತುವವರ ನಡುವೆ ಹಕ್ಕಿಯೂ ಕಾಣದು, ಹೂವೂ ಕಾಣದು. ಹೋಂಸ್ಟೇ ದರವೂ ಆ ಎರಡು ದಿನ ಬೇರೆಯೇ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳು ಒಳ್ಳೆಯವು. ತುಲಾ ಸಂಕ್ರಮಣದ ಆಸುಪಾಸು ತಲಕಾವೇರಿ, ಭಾಗಮಂಡಲದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಊಟದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ರೆಸಾರ್ಟಿನ "ಕೂರ್ಗ್ ಥಾಲಿ"ಗೆ ದುಡ್ಡು ಸುರಿಯಬೇಡಿ. ಈ ದಾರಿಯ ಪೇಟೆಗಳಲ್ಲಿ ನಾಲ್ಕೈದು ಬೆಂಚಿನ ಸಣ್ಣ ಹೋಟೆಲುಗಳಿವೆ. ಬೋರ್ಡು ಮಾಸಿರುತ್ತದೆ, ಒಲೆ ಮಾತ್ರ ಆರಿರುವುದಿಲ್ಲ. ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿತರಿಯ ಉಂಡೆ), ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಬಿಸಿಯಾಗಿ ಸಿಗುತ್ತವೆ. ಪಂದಿ ಕರಿ (ಹಂದಿ ಮಾಂಸದ ಸಾರು) ತಿನ್ನುವವರಿಗೆ ಕಾಚಂಪುಳಿ (ಕಾಡುಹಣ್ಣಿನ ರಸ ಕುದಿಸಿ ಮಾಡಿದ ಹುಳಿ) ಹಾಕಿದ್ದೋ ಬರೀ ವಿನೆಗರೋ ಎಂದು ಮೊದಲ ತುತ್ತಿಗೇ ಗೊತ್ತಾಗುತ್ತದೆ: ಕಾಚಂಪುಳಿಯ ಹುಳಿ ಹಿಂದಿನಿಂದ ಬರುತ್ತದೆ, ಬಣ್ಣ ಕಪ್ಪು. ತಿನ್ನದವರು ತೆರ್ಮೆ ತೊಪ್ಪು ಕೇಳಿ, ಕೆಂಬು ಕರಿ (ಕೆಸುವಿನ ಸೊಪ್ಪಿನದು) ಕೇಳಿ. ಕೇಳದೆ ಕೊಡುವುದಿಲ್ಲ, ಹೊರಗಿನವರು ಸೊಪ್ಪು ತಿನ್ನುವುದಿಲ್ಲ ಎಂಬ ಲೆಕ್ಕ ಅವರದ್ದು. ತೆರ್ಮೆ ತೊರೆಯಂಚಿನ ಜರೀಗಿಡದ ಎಳೆ ಸುರುಳಿ. ತೊರೆಯ ಪಕ್ಕ ಒದ್ದೆ ಆರಿದರೆ ಅದಿಲ್ಲ. ಆಗಸ್ಟ್ 3ರ ಸುಮಾರಿಗೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಬಂದರೆ ಮದ್ದು ಸೊಪ್ಪಿನ ನೇರಳೆ ಪಾಯಸ ಸಿಗಬಹುದು. ಮಾರನೆಯ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದರ ಗುಣವೇ ಹಾಗೆ. ಮದ್ದು ಸೊಪ್ಪು ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಹುಟ್ಟದ ಗಿಡ, ನೆರಳು–ತೇವ ಇದ್ದಲ್ಲೇ ಬರುತ್ತದೆ.

ಇನ್ನು ಹತ್ತುವ ಲೆಕ್ಕ. ತಡಿಯಂಡಮೋಳ್ 1,748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರವಿಲ್ಲ. ನೂರು ಮೀಟರ್ ಏರಿದರೆ ಉಷ್ಣತೆ ಸರಾಸರಿ 0.65 ಡಿಗ್ರಿ ಇಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿ: ಹವೆ ಒಂದು ಡಿಗ್ರಿ ಬಿಸಿಯಾದರೆ, ಹಿಂದಿನ ತಂಪನ್ನೇ ಹುಡುಕುವ ಗಿಡ ಸುಮಾರು 150 ಮೀಟರ್ ಮೇಲೆ ಹೋಗಬೇಕು. 1,600 ಮೀಟರಿನಲ್ಲಿರುವ ಗಿಡಕ್ಕೆ ಇಲ್ಲಿ ಉಳಿದಿರುವುದು 148 ಮೀಟರ್. ಪುಷ್ಪಗಿರಿ 1,712, ಬ್ರಹ್ಮಗಿರಿ 1,608. ಅಲ್ಲಿ ಅಷ್ಟೂ ಇಲ್ಲ. ಮೇಲಕ್ಕೆ ಹೋದಷ್ಟೂ ಬೆಟ್ಟ ಕಿರಿದಾಗುತ್ತದೆ, ಮಣ್ಣು ತೆಳುವಾಗುತ್ತದೆ. ದಕ್ಷಿಣಕ್ಕೆ ನೀಲಗಿರಿಯಲ್ಲಿ 2,600 ಮೀಟರಿನ ತಂಪಿದೆ, ನಿಜ. ಆದರೆ ನಡುವೆ ವಯನಾಡಿನ ತಗ್ಗು ಪ್ರಸ್ಥಭೂಮಿ, ತೋಟ, ಊರು.

ಜೇಬಿನಲ್ಲೊಂದು ಅಗ್ಗದ ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಅರಮನೆಯ ಹತ್ತಿರ, ದೊಡ್ಡ ಬಂಡೆಯ ಬಳಿ, ತುದಿಯಲ್ಲಿ, ಮೂರು ಕಡೆಯೂ ನೆರಳಲ್ಲಿ ಹತ್ತು ನಿಮಿಷ ಬಿಟ್ಟು ಓದಿ. ಬಿಸಿಲಿಗೆ ಹಿಡಿದರೆ ಅಳೆಯುವುದು ಥರ್ಮಾಮೀಟರಿನ ಮೈಬಿಸಿಯನ್ನೇ. ಮಂಜು ಕವಿದ ದಿನ ವ್ಯತ್ಯಾಸ ಕಡಿಮೆ, ಒಣ ಬಿಸಿಲಿನ ದಿನ ಹೆಚ್ಚು ಬರುತ್ತದೆ. ಫೋನಿನ ಜಿಪಿಎಸ್ ತೋರಿಸುವ ಎತ್ತರದಲ್ಲಿ ಹತ್ತಿಪ್ಪತ್ತು ಮೀಟರ್ ತಪ್ಪು ಮಾಮೂಲು; ಗಿಡದ ಫೋಟೋ ಜೊತೆ ಎತ್ತರ ಬರೆಯುವವರು ತುದಿಯಲ್ಲಿ ಬಂದ ಅಂಕಿಯನ್ನು 1,748ಕ್ಕೆ ಹೋಲಿಸಿ ಸರಿಪಡಿಸಿಕೊಳ್ಳಿ.

ಬಂಡೆ ದಾಟಿದ ಮೇಲೆ ಹುಲ್ಲು, ಕಣಿವೆಗಳಲ್ಲಿ ಶೋಲಾ, ಅಂದರೆ ಬೆಟ್ಟದ ಮೇಲಿನ ಕುಳ್ಳು ಮರಗಳ ದಟ್ಟ ಕಾಡು. ತುದಿಗೆ ಮುಂಚಿನ ಕಡಿದಾದ ದಾರಿ ಶೋಲಾ ಒಳಗೇ ಹೋಗುತ್ತದೆ. ಜನ ಓಡಿ ದಾಟುವ ಜಾಗ ಅದು, ನೀವು ಅಲ್ಲಿ ಒಂದು ಗಂಟೆ ಕೂರಿ. ಮರದ ತೊಗಟೆಯ ಪಾಚಿ ಮುಟ್ಟಿ ನೋಡಿ. ಮಳೆ ಇಲ್ಲದ ದಿನವೂ ಅದು ಒದ್ದೆ ಇರುವುದು ಮಂಜಿನಿಂದ. ಗಾಳಿ ಬಿಸಿಯಾಗಿ ಒಣಗಿದರೆ ಮೋಡ ಕಟ್ಟುವ ಮಟ್ಟ ಮೇಲೇರುತ್ತದೆ, ಮಂಜು ಕಾಡಿನ ತಲೆಯ ಮೇಲಿಂದಲೇ ಹೊರಟುಹೋಗುತ್ತದೆ.

ಹಸಿ ಬಂಡೆಯ ಬುಡದಲ್ಲಿ ಕಾಡು ಬಾಲ್ಸಂ ಇರುತ್ತವೆ, ಕಾಂಡದ ತುಂಬ ನೀರು. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಒಂದೆರಡು ಮೀಟರ್ ಹಾರುತ್ತದೆ. ತಂಪು ಹುಡುಕಿ ಮೇಲೇರಬೇಕಾದ ಗಿಡಕ್ಕೆ ವರ್ಷಕ್ಕೆ ಇಷ್ಟೇ ಪಯಣ. ತೊರೆ ಬೀಜವನ್ನು ಒಯ್ದರೂ ಒಯ್ಯುವುದು ಕೆಳಕ್ಕೆ. ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಬೀಜ ಧೂಳಿನಷ್ಟು ಹಗುರ, ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಆದರೆ ಬಿದ್ದಲ್ಲಿ ಸರಿಯಾದ ಶಿಲೀಂಧ್ರ ಸಿಗದಿದ್ದರೆ ಮೊಳೆಯದು. ಧೂಪದ ಮರದ್ದು ಇನ್ನೊಂದು ಕಷ್ಟ. ಅದರ ದಪ್ಪ ಬೀಜ ಒಣಗಿದರೆ ಸತ್ತಂತೆಯೇ. ಕಾಯಿ ಉದುರುವುದು ಮುಂಗಾರಿನ ಹೊತ್ತಿಗೆ, ಹಸಿ ನೆಲ ನಂಬಿಕೊಂಡು. 2023ರಂತೆ ಮುಂಗಾರು ಕೇರಳ ಮುಟ್ಟುವುದೇ ಜೂನ್ 8ಕ್ಕಾದರೆ ಬೇಗ ಬಿದ್ದ ಬೀಜದ ಗತಿ ಏನೆಂದು ಹೇಳಬೇಕಿಲ್ಲ.

ಮಡಿಕೇರಿಯಲ್ಲಿ ಕಳೆಯುವ ದಿನದ ಬದಲು ಕುಶಾಲನಗರದಿಂದ ಭಾಗಮಂಡಲಕ್ಕೆ ಹಗಲು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ. ಪೂರ್ವದಲ್ಲಿ ತೇಗ, ಬಿದಿರು, ಲಂಟಾನ. ಪಶ್ಚಿಮಕ್ಕೆ ಹೋದಂತೆ ಎಲೆ ಉದುರಿಸದ ಕಾಡು. ಮಳೆ ಪೂರ್ವಕ್ಕಿಂತ ಪಶ್ಚಿಮದಲ್ಲಿ ಹಲವು ಪಟ್ಟು. ಮಳೆ ಕಡಿಮೆಯಾದರೆ ಕಾಡು ಹೇಗಾಗುತ್ತದೆ ಎಂಬುದನ್ನು ಇದಕ್ಕಿಂತ ಅಗ್ಗವಾಗಿ ಯಾರೂ ತೋರಿಸಲಾರರು. ದಾರಿಯ ಕಾಫಿ ತೋಟಗಳನ್ನೂ ಗಮನಿಸಿ. ಹಳೆಯ ಕಾಡುಮರ ಉಳಿಸಿದ ತೋಟದಲ್ಲಿ ಕೊಂಬೆ ತುಂಬ ಪಾಚಿ, ಜರೀಗಿಡ; ಸಿಲ್ವರ್ ಓಕ್ ಸಾಲಿನಲ್ಲಿ ಬೋಳು ಕಾಂಡ, ಅದಕ್ಕೆ ಹಬ್ಬಿಸಿದ ಮೆಣಸು. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ, ಒಟ್ಟು ಸುಮಾರು 2,550 ಹೆಕ್ಟೇರ್. ಸರಾಸರಿ ಎರಡು ಹೆಕ್ಟೇರ್ ಚಿಲ್ಲರೆ ಆಯಿತು. ಇಷ್ಟು ಸಣ್ಣ ತುಂಡಿಗೆ ಸುತ್ತಲಿಂದ ಬಿಸಿಗಾಳಿ ನುಗ್ಗುತ್ತದೆ, ಅಂಚು ಮೊದಲು ಒಣಗುತ್ತದೆ. ಆದರೂ ಗಿಡಗಳಿಗೆ ಬೆಟ್ಟದಿಂದ ಬೆಟ್ಟಕ್ಕೆ ದಾಟಲು ಉಳಿದ ಮೆಟ್ಟಿಲುಗಳು ಇವೇ. ಊರವರನ್ನು ಕೇಳದೆ ಒಳಗೆ ಹೋಗಬೇಡಿ, ಚಪ್ಪಲಿ ಹೊರಗಿರಲಿ.

ಜಿಗಣೆಗೆ ಉಪ್ಪಿನ ಪೊಟ್ಟಣ ಒಯ್ದು ದಾರಿಯುದ್ದಕ್ಕೂ ಚೆಲ್ಲುವವರಿದ್ದಾರೆ. ಪಾಚಿ, ಎಳೆ ಗಿಡ ಅದಕ್ಕೇ ಸುಡುತ್ತವೆ. ಹೊಗೆಸೊಪ್ಪಿನ ಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಕಾಲ್ಚೀಲಕ್ಕೆ ಹಚ್ಚಿದರೆ ಸಾಕು. ಮೇಲಿನ ಗಾಳಿಗೆ ಕೊಡೆ ನಿಲ್ಲದು, ರೇನ್‌ಕೋಟೇ ಬೇಕು. ಆರ್ಕಿಡ್ ಕಂಡ ಜಾಗದ ಲೊಕೇಶನ್ ಫೋಟೋದಿಂದ ಅಳಿಸಿಯೇ ಹಂಚಿಕೊಳ್ಳಿ, ಕಿತ್ತು ಮಾರುವವರು ಅದನ್ನೇ ಹುಡುಕುತ್ತಾರೆ. ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆಂದು ಬೆಳಿಗ್ಗೆ ಕೈಕಂಬದಲ್ಲಿ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ, ಅದಕ್ಕೆ ಅರ್ಧ ಗಂಟೆ ಮೊದಲೇ ಬಂದು ನಿಲ್ಲಿ.