ಕೂನೂರಿನ ಟೀ, ಟಾಮ್ ಕಾಲಿನ್ಸ್, ಕೆಮ್ಮಿನ ಸಿರಪ್ಪಿನ ಕಪ್ಪು

ಶನಿವಾರ, 17 ಮೇ 2025, ರಾತ್ರಿ 11:40

ಜಿನ್ನಿಗೆ ಗ್ರೀನ್ ಟೀ ಬೆರೆಸೋ ಪ್ರಯೋಗದ ಮೊದಲನೇ ಗ್ಲಾಸ್ ಸಿಂಕಿಗೆ ಹೋಯ್ತು. ಎರಡನೇದನ್ನ ತಮ್ಮ ಕಣ್ಣು ಮುಚ್ಕೊಂಡು ಕುಡ್ದ, ದುಡ್ಡು ಕೊಟ್ಟು ತಂದಿರೋ ಜಿನ್ನು ಅಂತ. ಮೂರನೇದು ಬಂತು ನೋಡಿ ದಾರಿಗೆ. ಈಗ ಎಲ್ಲರೂ ಮಲಗಿದಾರೆ, ಹೊರಗೆ ಮಳೆ ನಿಂತು ಬರೀ ಸಜ್ಜೆಯಿಂದ ತೊಟ್ಟಿಕ್ಕೋ ಸದ್ದು, ಅಳತೆ ಮರ್ತೋಗೋ ಮುಂಚೆ ಬರೆದಿಟ್ಕೊಂಡ್ಬಿಡ್ತೀನಿ.

ಶುರುವಾಗಿದ್ದು ಡಬ್ಬಿಯಿಂದ. ಹೋದ ವರ್ಷ ಊಟಿಗೆ ಹೋದಾಗ ಕೂನೂರಲ್ಲಿ ಇಳಿದು ಕಾಲು ಕೆಜಿ ಗ್ರೀನ್ ಟೀ ತಗೊಂಡಿದ್ವಿ, ಇವರು ದಿನಾ ಬೆಳಿಗ್ಗೆ ಅದನ್ನೇ ಕುಡಿದು ಹೊಟ್ಟೆ ಇಳಿಸ್ತೀನಿ ಅಂದ್ರು, ಎರಡು ದಿನ ಕುಡಿದ್ರು, ಮೂರನೇ ದಿನ ಫಿಲ್ಟರ್ ಕಾಫಿ ವಾಪಸ್ ಬಂತು. ಡಬ್ಬಿ ಸಾರಿನ ಪುಡಿ ಹಿಂದೆ ಸೇರ್ಕೊಳ್ತು. ಇವತ್ತು ಬೆಳಿಗ್ಗೆ ಶೆಲ್ಫ್ ಒರೆಸ್ತಾ ಸಿಕ್ತು, ಬಿಸಾಕೋಕೆ ಮನಸ್ಸು ಬರ್ಲಿಲ್ಲ, ಎರಡು ಚಮಚ ಎಲೆ ಒಂದು ಲೀಟರ್ ತಣ್ಣೀರಿಗೆ ಹಾಕಿ ಫ್ರಿಜ್ಜಲ್ಲಿಟ್ಟೆ, ಸೆಖೆಗೆ ಆಗುತ್ತೆ ಅಂತ. ಸಂಜೆ ತಮ್ಮ ಬಂದ, ಕೈಲಿ ಜಿನ್ ಬಾಟ್ಲಿ. ಡಬ್ಬಿ ನೋಡಿದ್ದೇ "ಅಕ್ಕಾ, ಗ್ರೀನ್ ಟೀ ಹಾಕಿ ಟಾಮ್ ಕಾಲಿನ್ಸ್ ಮಾಡೋಣ" ಅಂದ. ಅವನು ಯಾವ್ದೋ ಪಬ್ಬಲ್ಲಿ ಗ್ರೀನ್ ಟೀ ಶಾಟ್ ಕುಡಿದಿದ್ನಂತೆ, ಸೂಪರ್ ಇತ್ತಂತೆ. ಅದ್ರಲ್ಲಿ ಟೀನೇ ಇರಲ್ಲ ಕಣೋ ಅಂದೆ. ಐರಿಶ್ ವಿಸ್ಕಿ, ಪೀಚ್ ಶ್ನಾಪ್ಸ್ ಅನ್ನೋ ಸಿಹಿ ಮದ್ಯ, ಹುಳಿ ಸಿರಪ್ಪು, ಬಣ್ಣ ಮಾತ್ರ ಟೀ ಥರ. ಪಾಪ, ಮುಖ ಸಣ್ಣದಾಯ್ತು.

ಟಾಮ್ ಕಾಲಿನ್ಸ್ ಅಂದ್ರೆ ಭಾರೀ ಏನೂ ಅಲ್ಲ. ನಮ್ಮ ನಿಂಬೆ ಸೋಡಾಗೆ ಜಿನ್ ಹುಯ್ದ್ರೆ ಅದೇ. ಹೆಸರಿನ ಕತೆ ಮಾತ್ರ ಮಜಾ ಇದೆ. 1874ರಲ್ಲಿ ಅಮೆರಿಕದಲ್ಲಿ ಒಂದು ಚೇಷ್ಟೆ ನಡೀತಿತ್ತು, ಸ್ನೇಹಿತನ ಹತ್ರ ಹೋಗಿ "ಟಾಮ್ ಕಾಲಿನ್ಸ್ ಅನ್ನೋನು ನಿನ್ನ ಬಗ್ಗೆ ಏನೇನೋ ಮಾತಾಡ್ತಿದಾನೆ, ಆ ಬಾರಲ್ಲಿ ಕೂತಿದಾನೆ ನೋಡು" ಅನ್ನೋದು, ಇವನು ಸಿಟ್ಟಲ್ಲಿ ಓಡೋದು, ಅಲ್ಲಿರೋರು ಈಗ ತಾನೇ ಪಕ್ಕದ ಬಾರಿಗೆ ಹೋದ ಅನ್ನೋದು. ಇಲ್ಲದ ಮನುಷ್ಯನಿಗಾಗಿ ಊರೆಲ್ಲಾ ಅಲೆದಾಟ. ಎರಡು ವರ್ಷಕ್ಕೆ, 1876ರಲ್ಲಿ, ಜೆರ್ರಿ ಥಾಮಸ್ ಅನ್ನೋ ಬಾರ್‌ಟೆಂಡರ್ ಪುಸ್ತಕದಲ್ಲಿ ಟಾಮ್ ಕಾಲಿನ್ಸ್ ಅಂತ ಡ್ರಿಂಕ್ ಬಂತು. ಲಂಡನ್ನಿನ ಜಾನ್ ಕಾಲಿನ್ಸ್ ಅನ್ನೋ ಡ್ರಿಂಕ್ ಅದಕ್ಕಿಂತ ಹಳೇದು, ಹಾಗಾಗಿ ಪೂರ್ತಿ ಕ್ರೆಡಿಟ್ ಚೇಷ್ಟೆಗೇ ಕೊಡೋಕಾಗಲ್ಲ.

ಈಗಿನ ಸ್ಟ್ಯಾಂಡರ್ಡ್ ಅಳತೆ ಜಿನ್ 45 ಎಂಎಲ್, ನಿಂಬೆ ರಸ 30, ಸಕ್ಕರೆ ಪಾಕ 15, ಸೋಡಾ 60. ನಮ್ಮನೇಲಿ ಪೆಗ್ ಮೆಷರ್ ಎಲ್ಲಿಂದ ಬರ್ಬೇಕು, ಮಗಳ ಕೆಮ್ಮಿನ ಸಿರಪ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಪ್ಪು ತೊಳೆದು ಇಟ್ಕೊಂಡೆ, ಅದ್ರ ಮೇಲೆ 5, 10, 15 ಅಂತ ಗೆರೆ ಇರುತ್ತಲ್ಲ. ಶೇಕರ್ ಬದ್ಲು ಉಪ್ಪಿನಕಾಯಿ ಬಾಟ್ಲಿ. ತಪ್ಪು ಅಲ್ಲೇ ಆಗಿದ್ದು ಅಂತ ಆಮೇಲೆ ಗೊತ್ತಾಯ್ತು. ಬಾಟ್ಲಿ ಎಷ್ಟು ಉಜ್ಜಿ ತೊಳೆದ್ರೂ ಮುಚ್ಚಳದ ಒಳಗಿನ ರಬ್ಬರ್ ರಿಂಗು ಇಂಗಿನ ವಾಸನೆ ಬಿಡಲ್ಲ. ಇಂಗಿನ ಕಾಲಿನ್ಸ್!

ಮೊದಲನೇದ್ರಲ್ಲಿ ಟೀ ಕೂಡ ಕೆಡ್ಸಿದೆ. ಕೈ ಅಭ್ಯಾಸ, ನೀರು ಕೊತ ಕೊತ ಕುದೀತಿರ್ಬೇಕಾದ್ರೆ ಎಲೆ ಹಾಕಿ ಇನ್ನೂ ಐದು ನಿಮಿಷ ಕುದಿಸ್ದೆ. ಹಾಲು ಹಾಕೋ ಟೀಗೆ ಹಂಗೇ ತಾನೇ ಮಾಡೋದು, ಆ ಒಗರನ್ನ ಹಾಲು ನುಂಗ್ಕೊಳ್ಳುತ್ತೆ. ಇಲ್ಲಿ ನುಂಗೋಕೆ ಯಾರೂ ಇಲ್ಲ. ಗ್ರೀನ್ ಟೀ ಎಲೇನ ಕಿತ್ತ ತಕ್ಷಣ ಬಿಸಿ ಕೊಟ್ಟು ಕಪ್ಪಾಗದ ಹಾಗೆ ತಡೆದಿರ್ತಾರೆ, ಒಗರೆಲ್ಲಾ ಒಳಗೇ ಇರುತ್ತೆ, ಕುದಿಯೋ ನೀರು ಅದನ್ನೆಲ್ಲಾ ಎಳೆದು ಹೊರಗೆ ಹಾಕ್ಬಿಡುತ್ತೆ. ಜೊತೆಗೆ ಜಿನ್ನಿನ ಕಹಿ, ನಿಂಬೆ ಹುಳಿ. ಎಳೇ ಬಾಳೆಕಾಯಿ ಸಿಪ್ಪೆ ಕಚ್ಚಿದ ಹಾಗೆ ನಾಲಿಗೆ ಒರಟಾಗಿ ಕೂತ್ಬಿಡ್ತು. ಇವರು ಒಂದು ಗುಟುಕು ಕುಡಿದು, ಏನೂ ಮಾತಾಡದೆ, ಟೀವಿ ಸೌಂಡ್ ಜಾಸ್ತಿ ಮಾಡಿದ್ರು.

ಎರಡನೇದು ಸರಿಯಾಗಿ ಮಾಡಿದೆ ಅಂದ್ಕೊಂಡೆ. ನೀರು ಕುದ್ದ ಮೇಲೆ ಇಳಿಸಿ ಆರೋಕೆ ಬಿಟ್ಟು, ಎಂಬತ್ತು ಡಿಗ್ರಿ ಹತ್ರ ಇರುತ್ತೆ ಅನ್ನೋ ಅಂದಾಜಲ್ಲಿ ಎಲೆ ಹಾಕಿ ಎರಡೇ ನಿಮಿಷ. ಟೀ ಚೆನ್ನಾಗೇ ಬಂತು. ಆದ್ರೆ ಸಕ್ಕರೆ ಪಾಕ ಮಾಡೋಕೆ ಸೋಮಾರಿತನ, ಅಮ್ಮ ತೀರ್ಥಹಳ್ಳಿಯಿಂದ ಕಳ್ಸಿದ್ದ ಜೋನಿ ಬೆಲ್ಲ ಇತ್ತು, ಅದನ್ನೇ ಹುಯ್ದೆ. ಜೋನಿ ಬೆಲ್ಲ ದೋಸೆ ಜೊತೆ ದೇವರು. ಇಲ್ಲಿ ಮಾತ್ರ ಟೀನೂ ಇಲ್ಲ ಜಿನ್ನೂ ಇಲ್ಲ, ಎಲ್ಲಾ ಅದೇ ಆಗೋಯ್ತು, ಬಣ್ಣ ನೋಡಿದ್ರೆ ಮಳೆಗಾಲದ ಕೆರೆ. ಮೇಲಾಗಿ ಅರ್ಧ ಲೋಟ ಟೀ, ಐಸು, ಸೋಡಾ, ಬರೀ ನೀರೋ ನೀರು. ಅದನ್ನೇ ತಮ್ಮ ಕಣ್ಣು ಮುಚ್ಕೊಂಡು ಕುಡಿದಿದ್ದು.

ಆಗ ಹೊಳೀತು, ಟೀನ ನೀರಲ್ಲಿ ಯಾಕೆ ನೆನೆಸ್ಬೇಕು, ಜಿನ್ನಲ್ಲೇ ನೆನೆಸೋಣ. ನಾನೇನು ಕಂಡುಹಿಡಿದಿದ್ದಲ್ಲ, ನ್ಯೂಯಾರ್ಕಿನ ಆಡ್ರಿ ಸಾಂಡರ್ಸ್ ಅನ್ನೋ ಬಾರ್‌ಟೆಂಡರ್ ಅರ್ಲ್ ಗ್ರೇ ಅನ್ನೋ ಘಮದ ಟೀನ ಜಿನ್ನಲ್ಲಿ ನೆನೆಸಿ ಮಾರ್ಟಿನಿ ಅನ್ನೋ ಕಾಕ್‌ಟೇಲ್ ಮಾಡಿ ಹೆಸರು ಮಾಡಿದಾರೆ. ಆಯಮ್ಮ ಒಗರು ತಗ್ಸೋಕೆ ಮೊಟ್ಟೆ ಬಿಳಿ ಹಾಕ್ತಾರೆ, ನಮ್ಮತ್ತೆ ಅಡುಗೆಮನೇಲಿ ಮೊಟ್ಟೆ ಅಂದ್ರೆ ನಾನೇ ಹೊರಗೆ. ಅದು ಬಿಟ್ಟೆ.

ಗಾಜಿನ ಲೋಟಕ್ಕೆ 180 ಎಂಎಲ್ ಜಿನ್ನು, ಅಂದ್ರೆ ಒಂದು ಕ್ವಾರ್ಟರು, ಅದಕ್ಕೆ ಎರಡು ಚಿಕ್ಕ ಚಮಚ ಎಲೆ. ಬಿಸಿ ಏನೂ ಬೇಡ. ಬಿಸಿನೀರಲ್ಲಿ ಎಲೆ ದಡಬಡ ಅಂತ ಬಿಚ್ಕೊಳ್ಳುತ್ತೆ, ಇಲ್ಲಿ ಹಂಗಲ್ಲ, ಒಣ ಕರಿಬೇವಿನ ಥರ ಸುರುಟಿದ್ದ ಎಲೆ ಮೊದಲು ಮೇಲೇ ತೇಲ್ತಿತ್ತು, ಆಮೇಲೆ ಒಂದೊಂದೇ ತಳಕ್ಕೆ ಇಳೀತು, ಪ್ರತಿ ಎಲೆ ಸುತ್ತ ದಾರದ ಹಾಗೆ ತೆಳು ಹಸಿರು ಎಳೆ ಹೊರಡ್ತಿತ್ತು. ಹತ್ತು ನಿಮಿಷಕ್ಕೆ ನಿಂಬೆ ಸಿಪ್ಪೆ ಬಣ್ಣ, ಅರ್ಧ ಗಂಟೆಗೆ ಎಳನೀರು ಕಾಯಿ ಬಣ್ಣ. ವಾಸನೆ ಹುರುಳಿಕಾಯಿ ಬೇಯಿಸಿದ ನೀರಿಂದು, ಅದ್ರ ಹಿಂದೆ ಜಿನ್ನಿಗೆ ಘಮ ಕೊಡೋ ಜೂನಿಪರ್ ಕಾಯಿದು. ಐದೈದು ನಿಮಿಷಕ್ಕೆ ಒಂದು ತೊಟ್ಟು ನಾಲಿಗೆ ಮೇಲೆ ಹಾಕ್ಕೊಂಡು ನೋಡ್ತಿದ್ದೆ, ನಲವತ್ತನೇ ನಿಮಿಷಕ್ಕೆ ಸಣ್ಣಗೆ ಒಗರು ತಲೆ ಎತ್ತಿದ್ದೇ ಟೀ ಜಾಲರಿಲಿ ಸೋಸ್ಬಿಟ್ಟೆ. ನಮ್ಮಲ್ಲಿ ಸಿಗೋ ಜಿನ್ನಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಆಲ್ಕೋಹಾಲ್ ಇರುತ್ತೆ, ಅದು ಎಳೆಯೋ ಸ್ಪೀಡೇ ಬೇರೆ, ರಾತ್ರಿ ಇಡೀ ಬಿಟ್ಟಿದ್ರೆ ಮತ್ತೆ ಬಾಳೆಕಾಯಿನೇ.

ನಿಂಬೆ ವಿಷ್ಯ. ಸ್ಟ್ಯಾಂಡರ್ಡ್ ಅಳತೆಯ 30 ಎಂಎಲ್ ಅವರ ದಪ್ಪ ಹಳದಿ ಲೆಮನ್ನಿಂದು, ನಮ್ಮ ತೆಳು ಸಿಪ್ಪೆ ನಿಂಬೆಹಣ್ಣು ಸೈಜಲ್ಲಿ ಚಿಕ್ಕದು, ಹುಳೀಲಿ ಅದರಪ್ಪ. 20 ಸಾಕು. ಅಷ್ಟಕ್ಕೇ ಒಂದೂಕಾಲು ಹಣ್ಣು ಹಿಡೀತು, ಮೇ ತಿಂಗಳ ನಿಂಬೆಹಣ್ಣಿನ ರೇಟಲ್ಲಿ ಇದನ್ನ ಹಿಂಡಿ ಹಾಕೋದು ಅಂದ್ರೆ ಕೈ ನಡುಗುತ್ತೆ. ಪಾಕ ಈ ಸಲ ಸಕ್ಕರೇದೇ, ಸಮ ಸಮ ನೀರು, 20. ಬೇರೆ ಸ್ಟೀಲ್ ಡಬ್ಬೀಲಿ ಐಸ್ ಹಾಕಿ ಕುಲುಕಿ, ಸೋಸಿ, ಮೇಲೆ ಸೋಡಾ.

ಚೆನ್ನಾಗಿತ್ತು. ನಿಜವಾಗ್ಲೂ. ಕುಡಿದ ಮೇಲೆ ಗಂಟಲ ಹತ್ರ ಟೀ ಬಂದು ನಿಲ್ಲುತ್ತೆ. ಆದ್ರೂ ಕೊನೇಲಿ ಒಂದು ಎಳೆ ಕಹಿ ಉಳೀತಿತ್ತು, ಸಕ್ಕರೆ ಇನ್ನೈದು ಎಂಎಲ್ ಹಾಕಿದ್ರೆ ಬರೀ ಸಿಹಿ ಆಯ್ತೇ ಹೊರತು ಕಹಿ ಹೋಗ್ಲಿಲ್ಲ. ಇವರಂತೂ "ಗ್ರೀನ್ ಟೀ ಇದೆಯಲ್ಲ, ಲೆಕ್ಕಕ್ಕಿಲ್ಲ" ಅಂತ ಎರಡನೇದಕ್ಕೆ ಲೋಟ ಚಾಚಿದ್ರು. ಎಲೆ ಹಾಕಿದ ಮಾತ್ರಕ್ಕೆ ಅದು ಕಷಾಯ ಆಗಲ್ಲ ಸ್ವಾಮಿ, 45 ಎಂಎಲ್ ಜಿನ್ನು 45 ಎಂಎಲ್ ಜಿನ್ನೇ.

ಅಷ್ಟೊತ್ತಿಗೆ ಅತ್ತೆ ಎದ್ದು ಬಂದ್ರು. "ಏನೇ ಅದು, ಪಾನಕನಾ?"

ತಮ್ಮ ತಡವರಿಸಿ, "ಗ್ರೀನ್ ಟೀ ಅಮ್ಮ" ಅಂದ. ಪೂರ್ತಿ ಸುಳ್ಳೇನಲ್ಲ.

"ನಂಗೂ ಒಂಚೂರು ಕೊಡು, ಯಾಕೋ ಹೊಟ್ಟೆ ಭಾರ."

ಪುಣ್ಯಕ್ಕೆ ಫ್ರಿಜ್ಜಲ್ಲಿ ಬೆಳಿಗ್ಗೆ ಇಟ್ಟಿದ್ದ ಟೀ ಇತ್ತು. ತಣ್ಣೀರಲ್ಲಿ ನೆಂದಿದ್ದಕ್ಕೆ ಅದ್ರಲ್ಲಿ ಒಗರೇ ಇಲ್ಲ, ಎಳೇ ಹಳದಿ. ನಿಂಬೆ, ಪಾಕ, ಸೋಡಾ, ಐಸು ಹಾಕಿ ಕೊಟ್ಟೆ. ಒಂದು ಗುಟುಕು ಕುಡಿದು, "ಪಾನಕಕ್ಕೆ ಚಿಟಿಕೆ ಉಪ್ಪು ಬೇಡ್ವೇನೇ, ಯಾರು ಕಲಿಸಿದ್ರು ನಿಂಗೆ" ಅಂದು ಅವರೇ ಉಪ್ಪಿನ ಡಬ್ಬಿಗೆ ಕೈ ಹಾಕಿದ್ರು, ಅವರದೇ ಲೋಟಕ್ಕೆ ಚೂರು, ಕೈಲಿ ಉಳಿದಿದ್ದನ್ನ ಪಕ್ಕದಲ್ಲಿದ್ದ ನನ್ನ ಲೋಟಕ್ಕೂ ಉದುರಿಸಿದ್ರು. ಬೇಡ ಅನ್ನೋಷ್ಟರಲ್ಲಿ ಬಿತ್ತು. ಕುಡಿದು ನೋಡ್ತೀನಿ, ಆ ಎಳೆ ಕಹಿ ಎಲ್ಲಿ? ಉಪ್ಪು ಕಹಿನ ಮುಚ್ಚುತ್ತೆ ಅಂತ ನಂಗೂ ಗೊತ್ತಿತ್ತು, ಹಾಗಲಕಾಯಿಗೆ ಉಪ್ಪು ಸವರಿಡೋದು ನೀರು ಬಿಡ್ಲಿ ಅಂತ ಮಾತ್ರ ಅಲ್ವಲ್ಲ, ಆದ್ರೆ ಇಲ್ಲಿ ತಲೆಗೇ ಬರ್ಲಿಲ್ಲ. ತಮ್ಮನ ಲೋಟಕ್ಕೂ ಹಾಕಿದೆ, ಅವನು ಹುಬ್ಬೇರಿಸಿ ನನ್ನ ನೋಡ್ದ.

ಅಲ್ಲೇ ಕೂತು ನೆನಪಾಯ್ತು, ಇಂಗ್ಲಿಷಿನ ಪಂಚ್ ಅನ್ನೋ ಡ್ರಿಂಕಿನ ಹೆಸರು ನಮ್ಮ ಪಂಚದಿಂದ ಬಂದಿದ್ದು ಅಂತ ಬಹಳ ಜನ ಹೇಳ್ತಾರೆ, ಸಾರಾಯಿ, ಸಕ್ಕರೆ, ನಿಂಬೆ, ನೀರು, ಐದನೇದು ಮಸಾಲೆ ಇಲ್ಲಾ ಟೀ, 17ನೇ ಶತಮಾನದಲ್ಲಿ ಹಡಗಿನೋರು ಇಲ್ಲಿಂದ ಕಲಿತು ಹೋದ್ರು ಅಂತ. ನಾವು ಸಂಜೆಯಿಂದ ಒದ್ದಾಡಿ ಮಾಡಿದ್ದು ಹೆಚ್ಚುಕಮ್ಮಿ ಅದೇ.

ಅಳತೆ ಕೊನೇ ಸಲ: ಟೀ ನೆನೆಸಿದ ಜಿನ್ 45, ನಿಂಬೆ 20, ಪಾಕ 20, ಉಪ್ಪು ಎರಡು ಬೆರಳಿಗೆ ಅಂಟಿದಷ್ಟು, ಸೋಡಾ 60. ಜಿನ್ನಿನ ಎಲೇನ ಕರಿಬೇವಿನ ಗಿಡಕ್ಕೆ ಹಾಕೋಕೆ ಹೋದ್ರು ಇವರು, ಗಿಡಾನಾದ್ರೂ ನೆಟ್ಟಗಿರ್ಲಿ ಅಂತ ಕಸದ ಬುಟ್ಟಿಗೆ ಹಾಕಿಸ್ದೆ.

ಅತ್ತೆ ಲೋಟ ಖಾಲಿ ಮಾಡಿ ಸಿಂಕಲ್ಲಿಟ್ಟು ರೂಮಿಗೆ ಹೋಗ್ತಾ ಬಾಗಿಲ ಹತ್ರ ನಿಂತ್ರು.

"ನಾಳೆನೂ ಮಾಡು. ನಂದಕ್ಕೆ ಸೋಡಾ ಸ್ವಲ್ಪ ಜಾಸ್ತಿ ಹಾಕು, ಅವನಿಗೆ ಆ ಇನ್ನೊಂದು ಸ್ವಲ್ಪ ಕಮ್ಮಿ ಹಾಕು."